ವೈವರ್ನ್‌ಗೆ ಎರಡೇ ಕಾಲು

ಮನೆಯಲ್ಲಿ ಹೊಲಿಗೆ ಮೆಷೀನು ಇದೆ ಎಂದು ಗೊತ್ತಾದರೆ ಮುಗಿಯಿತು, ಡಬ್ಲಿನ್ನಿನಲ್ಲಿ ಯಾರ ಪೀಕಲಾಟವಾದರೂ ನಮ್ಮ ಬಾಗಿಲಿಗೇ ಬರುತ್ತದೆ. ಈ ಸಲ ಬಂದದ್ದು ನನ್ನ ಮಗಳದೇ.

೧. ಅಳತೆ

ಅವಳ ಹೈಸ್ಕೂಲಿನ ಲಾಂಛನ ವೈವರ್ನ್. ಗುರಾಣಿಯ ಮೇಲೆ ರೆಕ್ಕೆ ಬಿಚ್ಚಿ ನಿಂತ ಘಟಸರ್ಪದಂಥ ಪ್ರಾಣಿ. ನಮ್ಮ ಗಂಡಭೇರುಂಡದ ಹಾಗೆ ಲಾಂಛನದಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಶಾಲೆಯ ತಂಡವನ್ನು ಹುರಿದುಂಬಿಸಲು ಅದರ ವೇಷ ಹಾಕಿ ಪಂದ್ಯದಲ್ಲಿ ಕುಣಿಯಲು ಮಗಳಿಗೆ ಒಂದೇ ಅವಕಾಶ. ಕೆಟ್ಟರೆ ವೇಷ ಬೇರೆಯವರ ಪಾಲು. ಮೂರು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ನಾನು ಬ್ಲೌಸು ಹೊಲಿಯುವವಳು. ಚಿತ್ರವನ್ನೂ ಸರಿಯಾಗಿ ನೋಡದೆ, ಹಸಿರು ಬಟ್ಟೆ ಮಿಕ್ಕಿತೆಂದು ಧಾರಾಳವಾಗಿ ನಾಲ್ಕು ಕಾಲು ಹೊಲಿದೆ. ಮಂಡ್ಯದಿಂದ ಬಂದಿದ್ದ ನಮ್ಮ ಅತ್ತೆ ತಿರುವಿ ತಿರುವಿ ನೋಡಿದರು. "ಒಳಗೆ ಒಂದಿಂಚು ಬಟ್ಟೆ ಬುಟ್ಟಿದ್ದೀಯೇನವ್ವಾ? ಬೆಳೆಯೋ ಪ್ರಾಣಿ."

೨. ಕತ್ತರಿ

ಪಂದ್ಯಕ್ಕೆ ಅರ್ಧ ಗಂಟೆ ಇದೆ ಎನ್ನುವಾಗ ಕೋಚ್ ವೇಷ ನೋಡಿ ಬೆಚ್ಚಿದರು. "ವೈವರ್ನ್‌ಗೆ ಎರಡೇ ಕಾಲು! ನಾಲ್ಕಿದ್ದರೆ ಅದು ಡ್ರ್ಯಾಗನ್. ಎದುರಾಳಿ ಶಾಲೆಯ ಲಾಂಛನ!"

ಮಗಳ ಮುಖ ಬಿಳುಚಿತು. "ಅಮ್ಮಾ, ಡೂ ಸಮ್‌ಥಿಂಗ್!"

ಪಾರ್ಕಿಂಗ್ ಲಾಟಿನಲ್ಲೇ ಕೂತು ಮುಂಗಾಲು ಎರಡನ್ನೂ ಕತ್ತರಿಸಿ ತೂತು ಮುಚ್ಚಿದೆ. ಅವಸರಕ್ಕೆ ಸೂಜಿ ಎರಡು ಸಲ ಬೆರಳಿಗೇ ಹೋಯಿತು. ಅತ್ತೆ ಆ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ನೊಂದರು. "ಕಾಲು ಕತ್ತರಿಸಿ ಯಾರಾದ್ರೂ ಪಂದ್ಯಕ್ಕೆ ಕಳಿಸ್ತಾರಾ?"

೩. ನಿಂಬೆಹಣ್ಣು

ಮಗಳು ಇನ್ನೇನು ಮೈದಾನಕ್ಕೆ ಇಳಿಯಬೇಕು, ಅತ್ತೆ ಬ್ಯಾಗಿನಿಂದ ಎರಡು ನಿಂಬೆಹಣ್ಣು ತೆಗೆದು, ದೃಷ್ಟಿಯಾಗದಿರಲಿ ಎಂದು ಹೊಸ ಕಾರಿನ ಚಕ್ರಕ್ಕೆ ಇಡುವ ಹಾಗೆ ಅವಳ ಪಾದಗಳ ಮುಂದೆ ಇಟ್ಟೇಬಿಟ್ಟರು.

"ಅತ್ತೆ, ಬೇಡ!" ಎನ್ನುವಷ್ಟರಲ್ಲಿ ಪಚಕ್, ಪಚಕ್. ಮಗಳು ಓಲಾಡಿದಳು, ರೆಕ್ಕೆ ಬಡಿದಳು, ಹೇಗೋ ನಿಂತಳು. ಜನ ಅದನ್ನೂ ಕುಣಿತವೆಂದುಕೊಂಡು ಚಪ್ಪಾಳೆ ತಟ್ಟಿದರು.

ಅವಳ ಹಿಂದೆಯೇ ಎದುರಾಳಿಗಳ ಡ್ರ್ಯಾಗನ್ ಬಂತು, ಒಳಗೆ ಇಬ್ಬರು. ಮುಂದಿನವನು ನಿಂಬೆ ಸಿಪ್ಪೆ ತುಳಿದು ದೊಪ್ಪನೆ ಕೂತ. ಹಿಂದಿನವನಿಗೆ ಏನೂ ಕಾಣದು, ಕುಣಿಯುತ್ತಲೇ ಇದ್ದ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ.

ಕೋಚ್ ಬಂದು, ವರ್ಷವಿಡೀ ವೇಷ ನಿನ್ನದೇ ಎಂದು ಮಗಳ ಬೆನ್ನು ತಟ್ಟಿದರು. ಮೂರು ದಿನದಿಂದ ತಡೆದುಕೊಂಡಿದ್ದ ನಾನು ಅತ್ತೇಬಿಟ್ಟೆ.

ಅತ್ತೆ ಮಾತ್ರ ಡ್ರ್ಯಾಗನ್ ಕಡೆ ನೋಡಿ ಲೊಚಗುಟ್ಟಿದರು. "ಪಾಪ, ನಾಕು ಕಾಲು ಇಟ್ಕಂಡವ್ರೆ. ಒಂದು ನಿಂಬೆಹಣ್ಣಾದ್ರೂ ಮಡಗಬಾರ್ದಿತ್ತಾ?"