ತುರ್ದುಕುಲಜ್ಜನ ಬಿಪಿ

ಎಲ್ಲದಕ್ಕೂ ಕಾರಣ, ಪಕ್ಕದ ಮನೆಯ ಮುದುಕಿ ಬುರುಲ್ ಬೇಲಿಯಾಚೆಯಿಂದ ಹಾಕಿದ ಒಂದು ಮಾತು.

"ಭಾವ, ನಾಳೆ ಮುದುಕರನ್ನೆಲ್ಲ ಲಾರೀಲಿ ಜಾಯ್ಲೂಗೆ ಕರ್ಕೊಂಡ್ಹೋಗ್ತಾರಂತೆ. ಇವತ್ತು ಆಸ್ಪತ್ರೇಲಿ ಬಿಪಿ ನೋಡಿ ಆರಿಸ್ತಾರಂತೆ."

ತುರ್ದುಕುಲಜ್ಜ ಕೂಡಲೇ ಟೋಪಿ ಹುಡುಕಿದ. ಹೋದ ವರ್ಷವೂ ಅದರ ಹಿಂದಿನ ವರ್ಷವೂ ಹಳೇ ನರ್ಸು "ಬಿಪಿ ಜಾಸ್ತಿ, ಬೆಟ್ಟ ಹತ್ತಬೇಡ" ಎಂದು ಅವನನ್ನು ಊರಲ್ಲೇ ಉಳಿಸಿದ್ದಳು. ಬೆಟ್ಟದ ಮೇಲಿನ ಆ ಜಾಯ್ಲೂ ಹುಲ್ಲುಗಾವಲಲ್ಲಿ ಅವನೂ ಹೆಂಡತಿ ಕಾಲಿಪಾಳೂ ಮದುವೆಯಾದಂದಿನಿಂದ ಬೇಸಿಗೆಗೊಮ್ಮೆ ಗುಡಾರ ಹಾಕಿದವರು. ಅವಳು ತೀರಿಕೊಂಡ ಮೇಲೆ ಅವನು ಅಲ್ಲಿಗೆ ಹೋಗಿಯೇ ಇಲ್ಲ. ಬೆಳಗಿನ ಚಳಿಯಲ್ಲಿ ಅವಳು ಕುದುರೆ ಹಾಲು ಕರೆಯುವ ಸದ್ದು ಇನ್ನೂ ಅಲ್ಲೇ ಎಲ್ಲೋ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆಯೆಂದು ಅವನ ನಂಬಿಕೆ.

ಇವತ್ತು ಉಪ್ಪು ಮುಟ್ಟಬಾರದು, ಸಿಟ್ಟಾಗಬಾರದು ಎಂದುಕೊಂಡು ಹೊರಟ. ಆದರೆ ನಮ್ಮೂರಲ್ಲಿ ಕರೆದವರ ಮನೆಯಲ್ಲಿ ಒಂದು ಚೂರು ರೊಟ್ಟಿಯಾದರೂ ಬಾಯಿಗೆ ಹಾಕದೆ ಮುಂದೆ ಹೋದರೆ ಆ ಮನೆಗೆ ಅವಮಾನ.

ಬುರುಲ್ ರೊಟ್ಟಿಯ ಜೊತೆ ಉಪ್ಪಿನ ಚಹಾನೂ ತಂದಳು.

"ರೊಟ್ಟಿ ಸಾಕಮ್ಮ. ಚಹಾ ಬೇಡ, ಬಿಪಿ."

"ಅದನ್ನ ಮೊದಲೇ ಹೇಳಬಾರ್ದಾ?" ಎಂದವಳೇ ಅವನ ಕಾಲುಚೀಲ ಬಿಚ್ಚಿಸಿ, ವಿನಿಗರ್‌ನಲ್ಲಿ ಅದ್ದಿ ಮತ್ತೆ ತೊಡಿಸಿದಳು. "ಎಲ್ಲಾ ಕಾಲಿಂದ ಇಳಿದುಹೋಗುತ್ತೆ ನೋಡ್ತಿರು."

ಮುಂದೆ ಜಪಾರ್ ಸಿಕ್ಕ. ಜೊತೆಯಲ್ಲಿ ಕುರಿ ಕಾಯ್ದವನು. ಅಜ್ಜನ ಟೋಪಿ ಎತ್ತಿ ಎಲೆಕೋಸಿನ ಎಲೆ ಇಟ್ಟು ಮುಚ್ಚಿದ.

"ಇದಕ್ಕೆ ಬಿಪಿ ಇಳಿಯುತ್ತೇನೋ?"

"ನಂದು ಇಳೀತಾ ಇತ್ತು. ಅಷ್ಟರಲ್ಲಿ ಕುರಿ ಬಂದು ತಿಂದ್ಹಾಕ್ತು."

ಜಪಾರನ ಹೆಂಡತಿ ಅಜ್ಜನ ಬಾಯಿಗೆ ಬೆಳ್ಳುಳ್ಳಿ ತುರುಕಿದಳು. ಅಜ್ಜ ಆಸ್ಪತ್ರೆ ಮುಟ್ಟುವಾಗ ಮುಚ್ಚಳ ತೆಗೆದ ಉಪ್ಪಿನಕಾಯಿ ಜಾಡಿಯ ಹಾಗಿದ್ದ. ಬೆಂಚಿನ ಮೇಲಿದ್ದವರು ಮೂಗು ಮುಚ್ಚಿಕೊಂಡು ಸರಿದು ಕೂತರು. ಅವನಿಗೆ ಸಿಟ್ಟು ಬರಲಿಲ್ಲ. ಕಣ್ಣು ಮುಚ್ಚಿ, ಕಾಲಿಪಾಳನ್ನು ನೆನೆದು ಮೆಲ್ಲಗೆ ಉಸಿರಾಡಿದ.

ಹೊಸ ನರ್ಸು ತೋಳಿಗೆ ಪಟ್ಟಿ ಸುತ್ತಿ ನೋಡಿ ನಕ್ಕಳು. "ಅಜ್ಜ, ಮದುಮಗನ ಬಿಪಿ ಇದ್ದಂಗಿದೆ ನಿಮ್ದು."

ಅಜ್ಜನ ಕಣ್ಣು ತುಂಬಿತು. "ಹಂಗಾದ್ರೆ ಲಾರೀಲಿ ಮುಂದಿನ ಸೀಟು ಕೊಡಿಸು ತಾಯಿ."

"ನಿಮಗ್ಯಾಕಜ್ಜ ಲಾರಿ? ಈ ಸಲ ಬಿಪಿ ಇರೋರನ್ನ ಮಾತ್ರ ಕರ್ಕೊಂಡ್ಹೋಗೋದು. ಅಲ್ಲಿ ತಣ್ಣಗಿದ್ದು, ಒಳ್ಳೆ ಗಾಳಿ ಕುಡಿದು ಬರ್ಲಿ ಅಂತ."

ಅಜ್ಜ ಮತ್ತೆ ತೋಳು ಚಾಚಿದ. "ಇನ್ನೊಂದ್ಸಲ ನೋಡವ್ವ. ಈಗ ಏರಿರುತ್ತೆ."

ನೋಡಿದಳು. "ಈಗ ಇನ್ನೂ ಚೆನ್ನಾಗಿದೆ."

ಮರುದಿನ ಬೆಳಿಗ್ಗೆ ಲಾರಿ ತುಂಬಿತು. ಮುಂದಿನ ಸೀಟಿನಲ್ಲಿ ಜಪಾರ್, ಪಕ್ಕದಲ್ಲಿ ಬುರುಲ್.

"ಗಟ್ಟಿಮುಟ್ಟಾಗಿದೀಯ ಭಾವ, ನಮ್ಮ ಕೋಳಿ ನೋಡ್ಕೋ," ಎಂದಳು ಬುರುಲ್.

"ನಮ್ಮ ಕರುನೂ," ಎಂದ ಜಪಾರ್.

ಹೊರಟವರನ್ನು ಊರಲ್ಲಿ ಉಳಿದ ಹಿರಿಯ ಹರಸಬೇಕು. ಉಳಿದ ಹಿರಿಯ ಅವನೊಬ್ಬನೇ. ಎಲ್ಲರೂ ಅಂಗೈ ಬಿಚ್ಚಿ ಕಾದರು. ಅಜ್ಜನೂ ಬಿಚ್ಚಿದ.

"ನಿಮ್ಮ ದಾರಿ ಬೆಳ್ಳಗಿರಲಿ. ಹುಲ್ಲು ಮೆತ್ತಗಿರಲಿ."

ಹರಸಿದ್ದು ಮುಗಿದದ್ದೇ ಎಲ್ಲರೂ ಪದ್ಧತಿಯಂತೆ ಮುಖ ಸವರಿಕೊಂಡು ಕೈ ಇಳಿಸಿದರು. ಅವನ ಕೈ ಮಾತ್ರ, ಲಾರಿಯ ಸದ್ದು ಪೂರ್ತಿ ಅಡಗುವವರೆಗೂ, ಮುಖದ ಮೇಲೇ ಇತ್ತು.