ಬೇಲಿಯೊಳಗಿನ ಬಿಳಿ ಹೂವು

ಖುಷಿಯ ಭರದಲ್ಲಿ ಆರ್ವಿಡ್ ಬೇಲಿಯ ಬಾಗಿಲಿಗೆ ಚಿಲಕ ಹಾಕುವುದನ್ನೇ ಮರೆತ. ಆಮೇಲಿನ ರಾಮಾಯಣಕ್ಕೆಲ್ಲ ಅದೇ ಮೂಲ.

ಅವನು ಹುಡುಗನಾಗಿದ್ದಾಗ, ವಿಸ್ಕಾನ್ಸಿನ್ನಿನ ಆ ಊರಿನಲ್ಲಿ ಮೇ ತಿಂಗಳು ಬಂತೆಂದರೆ ಮನೆ ಹಿಂದಿನ ಗುಡ್ಡವೆಲ್ಲ ಟ್ರಿಲಿಯಂ ಹೂವಿನಿಂದ ಬೆಳ್ಳಗಾಗುತ್ತಿತ್ತು, ಕರಗಲು ಮರೆತ ಹಿಮದ ಹಾಗೆ. ಆಮೇಲೆ ಜಿಂಕೆಗಳು ಮಿತಿಮೀರಿ ಹೆಚ್ಚಿದವು. ಹೂವು, ಚಿಗುರು, ಮೇಪಲ್ ಸಸಿ ಎಲ್ಲವೂ ಅವುಗಳ ಹೊಟ್ಟೆ ಸೇರಿದವು. ಅರಿಜೋನಾದ ಮರಳುಗಾಡಿನಿಂದ ಮದುವೆಯಾಗಿ ಬಂದ ಯೊಲಾಂಡಾಗೆ ಅವನು ಆ ಬಿಳಿಗುಡ್ಡದ ಕತೆ ಹೇಳಿ ಹೇಳಿ ಸವೆಸಿದ್ದ.

"ಒಂದೇ ಒಂದು ಹೂವು ತೋರ್ಸು, ನಂಬ್ತೀನಿ," ಎನ್ನುತ್ತಿದ್ದಳು ಅವಳು.

ತಾನು ಕಂಡಿದ್ದನ್ನು ಅವಳೂ ಒಮ್ಮೆ ಕಾಣಬೇಕು. ಅದೊಂದೇ ಹಂಬಲಕ್ಕೆ ಗುಡ್ಡದ ಮೂಲೆಗೆ ಎತ್ತರದ ತಂತಿಬೇಲಿ ಹಾಕಿ, ಬೀಜ ಬಿತ್ತಿ, ಏಳೆಂಟು ವರ್ಷ ಕಾದಿದ್ದ. ಇವತ್ತು ಬೆಳಿಗ್ಗೆ ನೋಡಿದರೆ ಒಂದು ಹೂವು! ಮೂರು ಎಲೆಯ ಮೇಲೆ ಮೂರು ಬಿಳಿ ಎಸಳು. ತಂಗಿಯ ಮನೆಗೆ ಹೋಗಿದ್ದ ಯೊಲಾಂಡಾಗೆ ಫೋನ್ ಮಾಡಲು ಮನೆಗೆ ಓಡಿದ.

"ಯೊಲಾ, ಅರಳಿದೆ ಕಣೇ!"

"ಸಂಜೆ ಬರ್ತೀನಲ್ಲ. ಕಣ್ಣಾರೆ ನೋಡೋ ತನಕ ನೀನು ಸುಳ್ಳನೇ," ಎಂದು ನಕ್ಕಳು.

ಅವನು ಮರಳಿ ಬರುವಷ್ಟರಲ್ಲಿ ಬೇಲಿಯೊಳಗೊಂದು ತುಂಬು ಬಸುರಿ ಜಿಂಕೆ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಕೂತ ನೆಂಟರ ಹಾಗೆ ನೆಮ್ಮದಿಯಾಗಿ ಮೇಯುತ್ತಿತ್ತು. ಹೂವಿಗೂ ಅದರ ಮೂತಿಗೂ ನಾಲ್ಕು ಮಾರು ದೂರ.

ಆರ್ವಿಡನ ಬೊಬ್ಬೆಗೆ ಎಡಮನೆಯ ಸ್ಟಾಶ್ ಕೋವಿ ಹಿಡಿದು ಬಂದ. ಬಲಮನೆಯ ಬರ್ನೀಸಕ್ಕ ಸೇಬಿನ ಬುಟ್ಟಿ ಹಿಡಿದು ಬಂದಳು.

"ಒಂದೇ ಗುಂಡು ಸಾಕು," ಎಂದ ಸ್ಟಾಶ್. "ಇವನ್ನ ಒಂದಷ್ಟು ಕಮ್ಮಿ ಮಾಡ್ದೇ ಇದ್ರೆ ಕಾಡು ಉಳಿಯಲ್ಲ."

"ಪ್ರಾಣಿ ಇಲ್ಲದ ಕಾಡು ಯಾರಿಗೆ ಬೇಕೋ? ಮಕ್ಕಳಿಲ್ಲದ ಸ್ಕೂಲು!"

"ಮಕ್ಕಳು ಹೆಚ್ಚಾಗಿ ಬೆಂಚನ್ನೇ ತಿಂತಿದಾವಲ್ಲ ಅಕ್ಕ! ನೀನು ಬೇರೆ ಸೇಬು ಹಾಕಿ ಕರೀತೀಯ!"

"ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿ!" ಆರ್ವಿಡ್ ಅಳುವ ದನಿಯಲ್ಲಿ ಕೂಗಿದ. "ಬೇಟೆ ಕಾಲ ಬರೋದು ನವೆಂಬರಿಗೆ. ಆಗ ಹೊಡಿ, ನಾನೇ ಜೊತೆಗೆ ಬರ್ತೀನಿ. ಈಗ ಇದು ಬಸುರಿ. ಹೊರಗೆ ಓಡಿಸೋಣ, ಅಷ್ಟೇ."

ಸ್ಟಾಶ್ ಕೋವಿ ಇಳಿಸಿ, ಮನೆಯಿಂದ ಬಾಣಲೆ ತಂದು ಬಡಿದ. ಜಿಂಕೆ ಬಾಗಿಲೊಂದನ್ನು ಬಿಟ್ಟು ಮೂಲೆಮೂಲೆಗೂ ನುಗ್ಗಿತು. ಆರ್ವಿಡ್ ಅಂಗಿ ಬಿಚ್ಚಿ ಬೀಸುತ್ತ ಓಡಿದವನು ಕಾಲು ಜಾರಿ ಕೆಸರಿನಲ್ಲಿ ಬೋರಲಾಗಿ ಬಿದ್ದ. ತಲೆಯೆತ್ತಿದರೆ ಜಿಂಕೆ ನೇರ ಹೂವಿನತ್ತ ಹಾರುತ್ತಿದೆ!

"ಬರ್ನೀಸಕ್ಕಾ, ಹೂವು! ಹೂವನ್ನ ಕಾಪಾಡು!"

ಬರ್ನೀಸಕ್ಕ ಬುಟ್ಟಿ ಬಿಸುಟು ಮುಳ್ಳುಪೊದೆಯೊಳಗೇ ನುಗ್ಗಿ ಧಾವಿಸಿದಳು. ಬೆದರಿದ ಜಿಂಕೆ ಸರಕ್ಕನೆ ತಿರುಗಿ, ಅಂತೂ ಬಾಗಿಲಿನಿಂದ ಹೊರಗೆ ಜಿಗಿಯಿತು. ಗಂಡಸರಿಬ್ಬರೂ ಅದನ್ನು ಕಾಡಿನಂಚಿನವರೆಗೆ ಅಟ್ಟಿ, ಯುದ್ಧ ಗೆದ್ದವರಂತೆ ಮರಳಿದರು.

ಹೂವಿದ್ದ ಜಾಗದಲ್ಲಿ ಹೂವಿರಲಿಲ್ಲ.

"ನೋಡು, ಒಂದು ಎಸಳೂ ಮುಕ್ಕಾಗಿಲ್ಲ!" ಬರ್ನೀಸಕ್ಕ ಹೆಮ್ಮೆಯಿಂದ ಮುಷ್ಟಿ ಮುಂದೆ ಚಾಚಿದಳು. "ಅದರ ಬಾಯಿಗೆ ಬೀಳೋ ಮೊದ್ಲೇ ಕಿತ್ಕೊಂಡ್ಬಿಟ್ಟೆ. ಎಲೆ ಸಮೇತ!"

ಸ್ಟಾಶ್ ಮೆಲ್ಲಗೆ ಟೋಪಿ ತೆಗೆದ. ಎಲೆ ಹೋದ ಟ್ರಿಲಿಯಂ ಮತ್ತೆ ಅರಳಲು ಎಷ್ಟೋ ವರ್ಷ ಬೇಕು. ಗಡ್ಡೆ ಸತ್ತರೂ ಸತ್ತೀತು. ಅದು ಗಂಡಸರಿಬ್ಬರಿಗೂ ಗೊತ್ತಿತ್ತು. ಆದರೆ ಮೈಯೆಲ್ಲ ಮುಳ್ಳು ಗೀಚಿಸಿಕೊಂಡು ನಿಂತ ಮುದುಕಿಗೆ ಏನನ್ನುವುದು?

"ಉಪಕಾರ ಆಯ್ತು, ಬರ್ನೀಸಕ್ಕ," ಎಂದ ಆರ್ವಿಡ್. ಎರಡೂ ಕೈ ಚಾಚಿ ಹೂವು ತೆಗೆದುಕೊಂಡ.

ಸಂಜೆ ಯೊಲಾಂಡಾ ಬಂದಾಗ ಹೂವು ಅಡುಗೆಮನೆಯ ಮೇಜಿನ ಮೇಲೆ ಗಾಜಿನ ಲೋಟದಲ್ಲಿತ್ತು. ಅವಳು ಕೋಟು ಬಿಚ್ಚುವುದನ್ನೂ ಮರೆತು ಬಗ್ಗಿ ನೋಡಿದಳು, ಬೆರಳ ತುದಿಯಿಂದ ಎಸಳು ಮುಟ್ಟಿದಳು.

"ಎಷ್ಟು ಚೆಂದ ಇದೆ, ಆರ್ವಿಡ್!"

ಅಷ್ಟು ವರ್ಷದ ಹಂಬಲ ಅವನ ಕಣ್ಣಂಚಿಗೆ ಬಂದು ನಿಂತಿತು. ಅವಳು ಪ್ರೀತಿಯಿಂದ ಅವನ ಕೆನ್ನೆಯ ಕೆಸರು ಒರೆಸಿದಳು.

"ಆದ್ರೂ ನನ್ನನ್ನ ನಂಬಿಸ್ಬೇಕು ಅಂತ ಅಂಗಡಿಯಿಂದ ಹೂವು ತರೋದಾ, ಮಾರಾಯ?"