ಗೋಡೆಗೆ ಒರಗುವ ಜಾಗದ ಚುನಾವಣೆ

ವಯಸ್ಸಾದ ಮೇಲೆ ಮನುಷ್ಯನಿಗೆ ನಿಜವಾಗಿ ಬೇಕಾಗುವುದು ಎರಡೇ. ಬೆನ್ನಿಗೆ ಒಂದು ಗೋಡೆ, ಹೇಳಿದ್ದನ್ನು ಕೇಳಲು ಒಂದಿಷ್ಟು ಕಿವಿ. ಮಿಕ್ಕ ವೈರಾಗ್ಯ, ಭಜನೆ, ಮೊಣಕಾಲಿನ ಎಣ್ಣೆ ಇವೆಲ್ಲ ನಮಗೆ ಬೇಕು ಅಂತ ಬೇರೆಯವರು ಹೇಳುವಂಥವು. ನನಗೆ ಆ ಎರಡೂ ಒಂದೇ ಕಡೆ ಸಿಕ್ಕಿದ್ದವು. ಶಿರಗುಪ್ಪಿಯಲ್ಲಿ ಶಾಂತಕ್ಕನ ಚಹಾದಂಗಡಿಯ ಮುಂದೆ ಒಂದು ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಆರು ಜನ ಕೂರಬಹುದು. ಐದು ಜನ ಬೆನ್ನು ಬಗ್ಗಿಸಿಕೊಂಡು ಕೂರಬೇಕು, ಆರನೆಯವನಿಗೆ ಮಾತ್ರ ಅಂಗಡಿಯ ಗೋಡೆ ಸಿಗುತ್ತದೆ. ಆ ಆರನೆಯವನು ನಾನು. ಅಲ್ಲಿ ಒರಗಿ ಕೂತರೆ ಮಿರಜ್ ಬಸ್ಸಿಗೆ ಯಾರು ಹೊರಟರು, ಅಥಣಿ ಬಸ್ಸಿನಿಂದ ಯಾರು ಇಳಿದರು, ಯಾರ ಕಬ್ಬು ಯಾವ ಕಾರ್ಖಾನೆಗೆ ಹೊರಟಿತು, ಎಲ್ಲ ಕಾಣುತ್ತದೆ. ಕಂಡದ್ದಕ್ಕೆ ಒಂದಿಷ್ಟು ಉಪ್ಪು ಖಾರ ಹಚ್ಚಿ ಉಳಿದ ಐವರಿಗೆ ಬಡಿಸುವುದು ನನ್ನ ಕೆಲಸ. ಈ ಜಾಗ ನನಗೆ ಪುಕ್ಕಟೆ ಬಂದದ್ದಲ್ಲ. ಬಹಳ ಹಿಂದೆ, ಆ ಗೋಡೆಯ ತೂತಿನಲ್ಲಿ ಹಾವು ಇದೆ ಅಂತ ನಾನೇ ಸುದ್ದಿ ಹಬ್ಬಿಸಿದ್ದೆ. ಎಲ್ಲರೂ ಸರಿದು ಕೂತರು. ನಾನು ಧೈರ್ಯವಂತನಂತೆ ಹೋಗಿ ಒರಗಿದೆ. ಇಂದಿಗೂ ಕೆಲವರು ನನಗೆ ಹಾವಿನ ಮಂತ್ರ ಬರುತ್ತದೆ ಅಂತ ನಂಬಿದ್ದಾರೆ. ನಾನೂ ಬರುವುದಿಲ್ಲ ಅಂತ ಎಂದೂ ಹೇಳಿಲ್ಲ.

ಹೀಗೆ ಸುಖವಾಗಿದ್ದ ಕಾಲಕ್ಕೆ ಊರಿನಲ್ಲಿ ಒಬ್ಬರ ಹಿಂದೊಬ್ಬರು ರಿಟೈರ್ ಆಗತೊಡಗಿದರು. ಮೊದಲು ಹೈಸ್ಕೂಲಿನ ಕಲ್ಲಪ್ಪ ಮಾಸ್ತರು, ಅವರ ಹಿಂದೆಯೇ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಿದ್ದ ರಾಮು. ಇಬ್ಬರೂ ಬೆಳಿಗ್ಗೆ ಬಂದು ಕಟ್ಟೆಯ ಎದುರು ನಿಲ್ಲುತ್ತಿದ್ದರು. ಮಾಸ್ತರು ಹೇಗೆ ನಿಲ್ಲುತ್ತಿದ್ದರೆಂದರೆ, ನಾವು ಆರು ಮಂದಿಯೂ ಮನೆಪಾಠ ಮಾಡಿಕೊಂಡು ಬಂದಿಲ್ಲವೇನೋ ಅನ್ನಿಸುತ್ತಿತ್ತು. ಒಂದು ದಿನ ಶಾಂತಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಬಾಳಪ್ಪ ಕಾಕಾ, ಇದನ್ನೊಂದು ಬಗೀಹರಸ್ರಿ. ನಿಂತಾವ್ರು ಒಂದು ಕಪ್ ಚಾ ಕುಡದು ಒಂದು ತಾಸು ನಿಂದರತಾರ. ಬಂದ ಗಿರಾಕಿ ಇಲ್ಲೇನೋ ಜಗಳಾ ನಡದೈತಿ ಅಂತ ತಿರಗಿ ಹೋಗಾಕತ್ತಾರ. ಇಲ್ಲಾಂದ್ರ ನಾಳಿಂದ ಕಟ್ಟಿ ಮ್ಯಾಲ ಹಾಲಿನ ಕ್ಯಾನ್ ಇಡತೇನ. ಅವು ಮಾತಾಡೂದಿಲ್ಲ, ಉದ್ರಿನೂ ಕೇಳೂದಿಲ್ಲ."

ಇಂಥ ಹೊತ್ತಿನಲ್ಲಿ ಸುಮ್ಮನಿರುವವನು ಜಾಣ. ನಾನು ಜಾಣನಲ್ಲ, ಬುದ್ಧಿವಂತ. ಒಮ್ಮೆ ಗ್ರಾಮ ಪಂಚಾಯಿತಿ ಮೆಂಬರ್ ಆಗಿದ್ದಾಗ ವಿಧಾನ ಪರಿಷತ್ತಿನ ಚುನಾವಣೆಯಲ್ಲಿ ಓಟು ಹಾಕಿದವನು ನಾನು. ಅಲ್ಲಿ ಠಸ್ಸೆ ಒತ್ತುವುದಿಲ್ಲ. ಅವರೇ ಒಂದು ಪೆನ್ನು ಕೊಡುತ್ತಾರೆ, ಹೆಸರುಗಳ ಮುಂದೆ ಒಂದು, ಎರಡು, ಮೂರು ಅಂತ ಬರೆಯಬೇಕು. ಆವತ್ತಿನಿಂದ ನನಗೆ ಮೇಲ್ಮನೆಗಳ ಕಾಯ್ದೆಯೆಲ್ಲ ಬಾಯಿಪಾಠ ಅಂತ ನಾನು ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನಿಜಕ್ಕೂ ಸ್ವಲ್ಪ ಓದಬೇಕಾಯಿತು.

"ಕಾಯ್ದೆ ಪ್ರಕಾರ ಹೋಗೂಣು," ಅಂದೆ. "ರಾಜ್ಯಸಭಾ ಐತೆಲ್ಲಾ, ಅದು ಲೋಕಸಭಾದಂಗ ಯಾವತ್ತೂ ಬರಖಾಸ್ತ ಆಗೂದಿಲ್ಲ. ಒಬ್ಬೊಬ್ಬಗ ಆರು ವರ್ಷ. ಆದ್ರ ಎಲ್ಲಾರೂ ಒಮ್ಮೆಲೆ ಇಳಿಯಾಂಗಿಲ್ಲ. ಎರಡು ವರ್ಷಕ್ಕೊಮ್ಮೆ ಮೂರರಾಗ ಒಂದು ಪಾಲು ಮಂದಿ ಇಳೀತಾರ, ಅಷ್ಟ ಮಂದಿ ಏರತಾರ. ನಮ್ಮ ಕಟ್ಟಿ ಮ್ಯಾಲ ಆರು ಮಂದಿ. ಎರಡು ವರ್ಷಕ್ಕೊಮ್ಮೆ ಇಬ್ಬರು ಇಳೀಲಿ."

ನನ್ನ ಲೆಕ್ಕ ಸರಳವಾಗಿತ್ತು. ಎರಡು ವರ್ಷ ಅಂದರೆ ಬಹಳ ದೂರ. ಅಷ್ಟರಲ್ಲಿ ಮಾಸ್ತರಿಗೆ ನಿಂತು ನಿಂತು ಸಾಕಾಗಿರುತ್ತದೆ.

ನನ್ನ ಪಕ್ಕದಲ್ಲಿ ಕೂರುವ ದತ್ತೋಬಾ ಬಸ್ ಡ್ರೈವರ್ ಆಗಿದ್ದವನು. ಗಡಿಯ ಆಚೆ ಈಚೆ ಓಡಾಡಿ ಕನ್ನಡ ಮರಾಠಿ ಎರಡರಲ್ಲೂ ಬೈಯಲು ಕಲಿತವನು. "ಅರೆ ಬಾಬಾ, ಮೊದಲನೇ ಸರತಿ ಯಾರು ಇಳಿಯೂದು? ನೀ ಇಳಿತಿಯೇನ್ಲೇ ಬಾಳ್ಯಾ?" ಅಂದ.

"ಮೊದಲಿಗೆ ದಿಲ್ಲ್ಯಾಗೂ ಇದ ಪ್ರಶ್ನಾ ಬಂದಿತ್ತು. ಎಲ್ಲಾರೂ ಒಮ್ಮೆಲೆ ಬಂದು ಕುಂತಿದ್ರು. ಯಾರಿಗೆ ಎರಡು, ಯಾರಿಗೆ ನಾಕು, ಯಾರಿಗೆ ಆರು ವರ್ಷ ಅಂತ ಚೀಟಿ ಎತ್ತಿದ್ರು. ನಾವೂ ಎತ್ತೂಣು."

ಚೀಟಿ ಮಾಡುವ ಕೆಲಸ ನಾನೇ ವಹಿಸಿಕೊಂಡೆ. ನಾನು ಚೀಟಿ ಮಾಡಿದ್ದೇನೆ ಅಂದಮೇಲೆ ಅದರಲ್ಲಿ ಕೈಚಳಕ ಇಲ್ಲದಿದ್ದರೆ ನನ್ನ ಹೆಸರಿಗೆ ಅವಮಾನ. ಆರು ವರ್ಷದ ಒಂದು ಚೀಟಿಯ ಮೂಲೆ ಮಡಚಿ ಗುರುತು ಮಾಡಿ, ಎಲ್ಲವನ್ನೂ ಚಹಾದ ಗ್ಲಾಸಿಗೆ ಹಾಕಿ, ಹಿರಿಯ ನಾನು ಅಂತ ಮೊದಲು ಕೈ ಹಾಕಿದೆ. ಮಡಚಿದ ಮೂಲೆ ಬೆರಳಿಗೆ ಸಿಕ್ಕಿತು. ಬಿಚ್ಚಿದರೆ ಎರಡು. ತಲೆ ಎತ್ತಿದೆ. ದತ್ತೋಬಾ ಆಕಾಶ ನೋಡುತ್ತಿದ್ದ. ನಾನು ಎಲೆಅಡಿಕೆ ಉಗುಳಲು ಎದ್ದಾಗ ಗ್ಲಾಸು ಅವನ ಕೈಯಲ್ಲಿತ್ತು ಅನ್ನುವುದು ಆಮೇಲೆ ನೆನಪಾಯಿತು. ಅವನಿಗೆ ಈ ವಿದ್ಯೆ ಕಲಿಸಿದವನು ನಾನೇ ಆದ್ದರಿಂದ ಬೈಯಲೂ ಬಾಯಿ ಬರಲಿಲ್ಲ. ಇನ್ನೊಂದು ಎರಡರ ಚೀಟಿ ಕುರಿ ಸಾಕುವ ಅಣ್ಣಪ್ಪನಿಗೆ ಹೋಯಿತು. ದತ್ತೋಬಾ ಮತ್ತು ಉಳಿದ ಮೂವರು ಬಚಾವಾದರು. ಆ ಮೂವರ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಇದರಲ್ಲೂ ಜಾಗ ಕೇಳುತ್ತಾರೆ.

"ಇರಲಿ ಬಿಡ್ರಿ, ಎರಡು ವರ್ಷದ ಮ್ಯಾಲ ನೋಡೂಣು," ಅಂತ ನಾನು ಗೋಡೆಗೆ ಒರಗಿದೆ.

ಆಗ ಮಾಸ್ತರು ಮೊದಲ ಸಲ ಬಾಯಿ ತೆರೆದರು. "ಬಾಳಪ್ಪಣ್ಣಾ, ನೀವು ಈ ಕಟ್ಟಿ ಮ್ಯಾಲ ಕುಂತು ಎರಡು ವರ್ಷ ಆಗಿಲ್ಲೇನ್ರಿ?"

ಕಟ್ಟೆ ಪೂರಾ ನಕ್ಕಿತು. ಶಾಂತಕ್ಕ ಒಳಗಿನಿಂದ, "ನಾ ಲಗ್ನಾ ಆಗಿ ಈ ಊರಿಗೆ ಬಂದಾಗಿಂದ ಕುಂತಾರ್ರಿ ಸರ್!" ಅಂದಳು. ನನ್ನ ಎರಡು ವರ್ಷ ಮುಗಿದು ಬಹಳ ಕಾಲವಾಗಿತ್ತು.

ಇಳಿದವರು ಮತ್ತೆ ನಿಲ್ಲಬಹುದು, ಅದಕ್ಕೂ ಕಾಯ್ದೆ ಇದೆ. ಎರಡು ಜಾಗ, ನಾಲ್ಕು ಮಂದಿ: ನಾನು, ಅಣ್ಣಪ್ಪ, ಮಾಸ್ತರು, ರಾಮು. ಕಟ್ಟೆಯ ಮೇಲೆ ಉಳಿದ ನಾಲ್ವರು ಓಟು ಹಾಕಲಿ ಅಂದೆ. ಅವರಲ್ಲಿ ಇಬ್ಬರು ನನ್ನ ಮಾತಿಗೆ ಗೋಣು ಹಾಕುವವರು. ಮಾಸ್ತರು ಒಪ್ಪಲಿಲ್ಲ. ಮೇಲ್ಮನೆಯವರು ತಮ್ಮನ್ನು ತಾವೇ ಆರಿಸಿಕೊಳ್ಳುವಂತಿಲ್ಲ, ರಾಜ್ಯಸಭೆಗೆ ಕಳಿಸುವವರು ರಾಜ್ಯದ ಶಾಸಕರು, ಹಾಗಾದರೆ ನಮ್ಮನ್ನು ಈ ಕಟ್ಟೆಗೆ ಕಳಿಸುವವರು ಯಾರು ಅಂತ ಕೇಳಿದರು. ಉತ್ತರ ಶಾಂತಕ್ಕನಿಗೆ ಹೊಳೆಯಿತು.

"ಅದೇನು ಕೇಳತೀರಿ? ದಿನಾ ಮುಂಜಾನೆ ನಿಮ್ಮನ್ನ ಮನಿಯಿಂದ ಹೊರಗ ಹಾಕಾವ್ರು ಯಾರು? ಅವ್ರ ಹಾಕಲಿ ಓಟು."

ಹೀಗೆ ಕಟ್ಟೆಯ ಆರು ಮಂದಿಯ ಮತ್ತು ನಿಂತ ಇಬ್ಬರ ಹೆಂಡಂದಿರು ನಮ್ಮ ಮತದಾರರಾದರು. ನಾನು ಒಳಗೊಳಗೇ ಕುಣಿದೆ. ಗಂಡಸರಿಗಿಂತ ಹೆಂಗಸರಿಗೆ ನನ್ನ ಮಾತು ಹಿಡಿಸುತ್ತದೆ ಅನ್ನುವುದು ನನ್ನ ಬಹುಕಾಲದ ನಂಬಿಕೆ. ಒಬ್ಬರ ಕೈಯಲ್ಲೂ ಅದನ್ನು ಪರೀಕ್ಷೆ ಮಾಡಿಸಿರಲಿಲ್ಲ, ಅಷ್ಟೇ. ಪರಿಷತ್ತಿನಂತೆ ಒಂದು, ಎರಡು ಅಂತ ಬರೆಯುವ ಓಟು; ಎಂಟರಲ್ಲಿ ಮೂರು ಜನ ಒಂದು ಅಂತ ಬರೆದರೆ ಗೆದ್ದಂತೆ. ನನ್ನ ಹೆಂಡತಿ ಗೌರವ್ವನದು ಒಂದು ಮನೆಯಲ್ಲೇ ಇದೆ. ಚೀಟಿಯ ಪಾಪಕ್ಕೆ ದತ್ತೋಬಾ ತನ್ನ ಹೆಂಡತಿಯದು ಕೊಡಿಸುತ್ತೇನೆ ಅಂತ ಆಣೆ ಮಾಡಿದ. ಹೆಸರು ಬರೆಯದ ಮೂವರ ಪೈಕಿ ಒಬ್ಬನ ಮನೆಯದೂ ಪಕ್ಕಾ ಆಯಿತು. ಆದರೂ ಚುನಾವಣೆ ಅಂದಮೇಲೆ ಮತದಾರರನ್ನು ರೆಸಾರ್ಟಿಗೆ ಒಯ್ಯದಿದ್ದರೆ ಹೇಗೆ? ನಮ್ಮ ದ್ರಾಕ್ಷಿ ತೋಟದಲ್ಲಿ ಒಂದು ಶೆಡ್ಡು ಇದೆ. ಎಂಟೂ ಜನ ಹೆಂಗಸರಿಗೆ ಅಲ್ಲಿ ಊಟ ಇಟ್ಟೆ. ಅಡುಗೆ ಯಾರದು? ಗೌರವ್ವನದೇ. ಎಣ್ಣೆಗಾಯಿ, ಜುಣಕ, ಶೇಂಗಾ ಹೋಳಿಗೆ.

"ನಿಮ್ಮ ಎಲೆಕ್ಷನ್ನಿಗೆ ನಾ ಯಾಕ ರೊಟ್ಟಿ ಬಡೀಬೇಕ್ರಿ?" ಅಂತ ಕೇಳಿದಳು.

"ನಾ ಗೆದ್ರ ಗೋಡಿ ನಮ್ಮ ಮನೆತನದ್ದು ಉಳೀತೈತಿ ಬೇ."

"ಮನ್ಯಾಗ ಗೋಡಿ ಇಲ್ಲೇನು?" ಅಂದಳು. ಅದು ಎಚ್ಚರಿಕೆ ಅಂತ ನನಗೆ ಗೊತ್ತಾಗಬೇಕಿತ್ತು.

ತೋಟದಲ್ಲಿ ಭಾಷಣ ಮಾಡಲು ಟೊಪ್ಪಿಗೆ ಸರಿಮಾಡಿಕೊಂಡು ನಿಂತೆ. ಹೆಂಗಸರು ನನ್ನ ಕೈಗೆ ಕೊಡ ಕೊಟ್ಟು ನೀರಿಗೆ ಕಳಿಸಿದರು. ತಂದೆ. ಮತ್ತೆ ಕಳಿಸಿದರು. ನಾನು ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು, ಹೋದಾಗಲೆಲ್ಲ ನಗು ಏಳುತ್ತಿತ್ತು. ನನ್ನ ಜನಪ್ರಿಯತೆ ನೋಡಿ ನನಗೇ ಸಂಕೋಚವಾಯಿತು.

ಆದರೂ ಒಂದು ಸಣ್ಣ ಅಂಜಿಕೆ ಉಳಿದಿತ್ತು. ನಾನು ಹಿಂದೆ ಪರಿಷತ್ತಿಗೆ ಓಟು ಹಾಕಿದ್ದು ಗುಟ್ಟಾಗಿ. ಆ ಗುಟ್ಟಿನ ಆಸರೆಯಲ್ಲಿ ನಾನು ಎಲ್ಲ ಉಮೇದುವಾರರಿಗೂ ಓಟು ಕೊಡುತ್ತೇನೆ ಅಂತ ಮಾತು ಕೊಟ್ಟು, ಎಲ್ಲರ ಊಟವನ್ನೂ ಉಂಡಿದ್ದೆ. ಈಗ ನನ್ನ ಊಟ ಉಂಡವರು ಅದನ್ನೇ ನನಗೆ ಮಾಡಿದರೆ? ಅದಕ್ಕೆ ಮತದಾನದ ದಿನ ಎದ್ದು ನಿಂತು ಕಾಯ್ದೆ ಹೇಳಿದೆ. ರಾಜ್ಯಸಭೆಯ ಚುನಾವಣೆಯಲ್ಲಿ ಗುಟ್ಟು ಇಲ್ಲ, ಪಕ್ಷದ ಶಾಸಕರು ಓಟು ಬರೆದ ಮೇಲೆ ತಮ್ಮ ಪಕ್ಷದ ಏಜೆಂಟನಿಗೆ ತೋರಿಸಿಯೇ ಡಬ್ಬಿಗೆ ಹಾಕಬೇಕು. "ನಮ್ಮ ಮನ್ಯಾಗ ನಾನ ಪಕ್ಷ, ನಾನ ಏಜೆಂಟ," ಅಂದೆ. "ಎಲ್ಲಾರೂ ತಂತಮ್ಮ ಮನಿ ಏಜೆಂಟಗ ತೋರಸ್ರಿ." ಮಾಸ್ತರು ತಲೆ ಆಡಿಸಿದರು. "ಹೌದ್ರಿ, ಕಾಯ್ದೆ ಹಂಗ ಐತಿ." ಮಾಸ್ತರು ನನ್ನ ಮಾತಿಗೆ ಹೌದು ಅಂದದ್ದು ಅದೇ ಮೊದಲು. ಎದೆ ಉಬ್ಬಿತು.

ಗೌರವ್ವ ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಬಂದು ಚೀಟಿ ಬಿಡಿಸಿ ಹಿಡಿದಳು. ಮಾಸ್ತರ ಮುಂದೆ ಒಂದು. ಅಣ್ಣಪ್ಪನ ಮುಂದೆ ಎರಡು. ರಾಮುನ ಮುಂದೆ ಮೂರು. ನನ್ನ ಮುಂದೆ ಖಾಲಿ.

"ಕಾಣಸ್ತೇನ್ರಿ? ಇಲ್ಲಾಂದ್ರ ಚಶ್ಮಾ ಹಾಕ್ಕೋರಿ," ಅಂದಳು. ಕಾಯ್ದೆ ಪ್ರಕಾರ ತೋರಿಸಿ, ಕಾಯ್ದೆ ಪ್ರಕಾರ ಡಬ್ಬಿಗೆ ಹಾಕಿ, ಹೋಗಿ ಉಳಿದ ಹೆಂಗಸರ ಜೊತೆ ನಿಂತಳು. ಏಜೆಂಟನಿಗೆ ನೋಡುವ ಹಕ್ಕು ಇದೆ, ಅಳುವ ಹಕ್ಕು ಇಲ್ಲ.

ಎಣಿಸಿದರು. ಮಾಸ್ತರಿಗೆ ಮೂರು, ಗೆದ್ದರು. ನನಗೆ ಎರಡು, ಅಣ್ಣಪ್ಪನಿಗೆ ಎರಡು. ರಾಮುಗೆ ಒಂದೇ, ಅದೂ ಅವನ ಹೆಂಡತಿಯದು. ಕಡಿಮೆ ಬಂದವನನ್ನು ತೆಗೆದು ಅವನ ಓಟಿನಲ್ಲಿ ಎರಡು ಅಂತ ಯಾರಿಗೆ ಬರೆದಿದೆಯೋ ಅವರಿಗೆ ಅದನ್ನು ಕೊಡಬೇಕು. ಇನ್ನೂ ಆಸೆ ಇತ್ತು. ರಾಮುನ ಹೆಂಡತಿಯ ಎರಡನೆಯ ಓಟು ಅಣ್ಣಪ್ಪನಿಗೆ ಹೋಯಿತು. ಗೋಡೆ ಮಾಸ್ತರಿಗೆ ಹೋಯಿತು. ಅವರು ಒರಗಿದ ಕೂಡಲೇ ಕಣ್ಣು ಮುಚ್ಚಿದರು. ಹಾವಿನ ಹೆಸರು ಹೇಳಿ ನೋಡಿದೆ, "ಇರಲಿ ಬಿಡ್ರಿ, ಪಾಪ," ಅಂದರು.

ಮನೆಗೆ ಬಂದು ಪಡಸಾಲೆಯ ಗೋಡೆಗೆ ಒರಗಿದೆ. ಗೌರವ್ವ ಒಂದು ಬುಟ್ಟಿ ಬೆಳ್ಳುಳ್ಳಿ ತಂದು ಮುಂದೆ ಇಟ್ಟಳು.

"ಕಟ್ಟಿಕೊಂಡ ಗಂಡಗ ನಾಕನೇ ನಂಬರ್ ಕೊಡಾಕೂ ಕೈ ಬರಲಿಲ್ಲೇನ ನಿನಗ?"

"ಮಾಸ್ತರ ಹೇಣ್ತಿ ತ್ವಾಟದಾಗ ಕುಂತು ಅತ್ತಳ್ರಿ. ಅಂವ ರಿಟೈರ್ ಆದಾಗಿಂದ ಸಾಸಿವಿ ಡಬ್ಬಿಗೆ, ಜೀರಗಿ ಡಬ್ಬಿಗೆ ಹೆಸರು ಬರದು ಅಂಟಸ್ಯಾನಂತ. ಸಾರಿನಾಗ ಉಪ್ಪು ಹೆಚ್ಚಾದ್ರ ಮತ್ತೊಮ್ಮೆ ಮಾಡಿ ತೋರ್ಸು ಅಂತಾನಂತ. ಆ ಮನಶ್ಯಾ ಮನ್ಯಾಗ ಕುಂತ್ರ ಆಕಿ ಹುಚ್ಚಿ ಆಗತಾಳ. ನೀವು ಕುಂತ್ರ ನನಗೇನು? ಬೆಳ್ಳುಳ್ಳಿ ಸುಲೀತೀರಿ." ಒಂದು ಗಡ್ಡೆ ನನ್ನ ಕೈಗೆ ಕೊಟ್ಟು, "ಊರ ಮಂದೀನ್ನೆಲ್ಲ ನಗಸ್ತೀರಂತ. ನಾ ಒಂದರೆ ಕೇಳೇನೇನು? ಮನಿಗೆ ಬಂದ್ರ ನಿಮಗ ನಿದ್ದಿ," ಅಂದಳು.

ಬೆಳ್ಳುಳ್ಳಿ ಸುಲಿಯುತ್ತಾ ಯೋಚಿಸಿದೆ. ಕಟ್ಟೆಯ ಮೇಲೆ ಹೇಳಿ ಹೇಳಿ ಸವೆದುಹೋದ ನನ್ನ ಕತೆಗಳೆಲ್ಲ ಈ ಮನೆಯಲ್ಲಿ ಹೊಚ್ಚ ಹೊಸವು. ಉಮೇದಿ ಬಂತು. ನನ್ನ ಅತ್ಯುತ್ತಮ ಕುಚೇಷ್ಟೆಯಿಂದಲೇ ಶುರುಮಾಡಿದೆ. ರಾಮುನ ಹೆಂಡತಿಗೆ ಫೋನ್ ಮಾಡಿ, ಮರಾಠಿಯಲ್ಲಿ ದೊಡ್ಡ ಸಾಹೇಬರಂತೆ ಮಾತಾಡಿ, ನಿಮ್ಮ ಎಮ್ಮೆ ಟಿ.ವಿ.ಯಲ್ಲಿ ಬರುತ್ತದೆ, ತೊಳೆದು ಸಿಂಗಾರ ಮಾಡಿ ನಿಲ್ಲಿಸಿರಿ ಅಂದದ್ದು. ಆಕೆ ಎಮ್ಮೆಯ ಕೋಡಿಗೆ ಬಣ್ಣ ಹಚ್ಚಿ, ಹಣೆಗೆ ಕುಂಕುಮ ಇಟ್ಟು, ತಾನೂ ರೇಷ್ಮೆ ಸೀರೆ ಉಟ್ಟು ಹೊತ್ತು ಮುಳುಗುವ ತನಕ ಬಾಗಿಲಲ್ಲಿ ನಿಂತದ್ದು. ಮಾಡಿದವರು ಯಾರೆಂದು ಇಂದಿಗೂ ಆಕೆಗೆ ಗೊತ್ತಿಲ್ಲದ್ದು. ಹೇಳಿ ಮುಗಿಸಿ ನಾನೇ ಮೊದಲು ನಕ್ಕೆ.

ಗೌರವ್ವ ನಗಲಿಲ್ಲ. "ಆವತ್ತು ಫೋನ್ ಯಾರ ಮೊಬೈಲಿನಿಂದ ಮಾಡಿದ್ರಿ?"

ನನ್ನದರಲ್ಲಿ ಚಾರ್ಜ್ ಇರಲಿಲ್ಲ, ಅವಳದ್ದನ್ನೇ ಎತ್ತಿಕೊಂಡಿದ್ದೆ ಅನ್ನುವುದು ನೆನಪಾಯಿತು.

"ಮರದಿನ ಆಕಿ ಅದ ನಂಬರಿಗೆ ತಿರಗಿ ಹಚ್ಚಿದಳು. ನಾ ಎತ್ತಿದೆ, ಆಕಿಗೆ ಎಲ್ಲಾ ತಿಳೀತು. ಆಕೀ ಎರಡನೇ ಓಟು ಯಾರಿಗೆ ಬರೂದಿಲ್ಲ ಅಂತ ನನಗ ಓಟಿಗಿಂತ ಮೊದಲ ಗೊತ್ತಿತ್ತು," ಅಂತ ಬುಟ್ಟಿಯನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು. "ಇದು ಹಳೇದಾತು. ಬೆಳ್ಳುಳ್ಳಿ ಇನ್ನಾ ಭಾಳ ಅದಾವ. ಮುಂದಿಂದು ಹೇಳ್ರಿ."